ಬೆನ್ನ ಹಿಂದಿನ ತಂಬೂರಿ

ಮಾರ್ಚ್ 3, ಮಂಗಳವಾರ

ಅಂಗಡಿ ಇಡೀ ದಿನ ಗಿಜಿಗಿಜಿ. ಮಹಾಶಯರೊಬ್ಬರು ಕಣ್ಣಿನ ಪರೀಕ್ಷೆಗೆ ಕೂತು, ನಾನು ಲೆನ್ಸ್ ಹಾಕುವ ಮೊದಲೇ ಚಾರ್ಟಿನ ಕೊನೆಯ ಸಾಲಿನವರೆಗೆ ಗಡಗಡ ಓದಿಬಿಟ್ಟರು. ಬಾಯಿಪಾಠ ಮಾಡಿಕೊಂಡು ಬಂದಿದ್ದಾರೆ! ಚಾರ್ಟ್ ಬದಲಾಯಿಸಿದೆ. ಪೆಚ್ಚುಮೋರೆ. ಕನ್ನಡಕದ ನಂಬರ್ ಬದಲಾಗಿದೆ ಅಂತ ಒಪ್ಪಿಕೊಳ್ಳಲು ಜನಕ್ಕೆ ಅದೇನು ಸಂಕಟವೋ.

ಸಂಜೆ ದೊಡ್ಡಮ್ಮನ ಫೋನ್. ಇಪ್ಪತ್ತೆರಡಕ್ಕೆ ಅವರ ಸಂಗೀತ ಕಛೇರಿ. ಗಂಟಲಿನ ಆಪರೇಷನ್ ಆದಮೇಲೆ ಮೊದಲನೆಯದು. ಹಿಂದೆ ಕೂತು ತಂಬೂರಿ ಮೀಟುವ ಶಿಷ್ಯೆಗೆ ಕೆಮ್ಮು. ಬಿಡುವ ಲಕ್ಷಣ ಇಲ್ಲವಂತೆ.

"ನೀನು ಬಂದು ಕೂತ್ಕೋ," ಅಂದರು.

"ನಂಗೆ ಸಂಗೀತದ ಗಂಧಗಾಳಿ ಇಲ್ಲ, ದೊಡ್ಡಮ್ಮ."

"ಅದಕ್ಕೇ ಕರೀತಿರೋದು. ಗೊತ್ತಿರೋರು ಹಿಂದೆ ಕೂತ್ರೆ ನನ್ನ ತಪ್ಪು ಎಣಿಸ್ತಾರೆ."

"ಈಗ ತಂಬೂರಿಗೂ ಆ್ಯಪ್ ಬಂದಿದೆಯಲ್ಲ?"

"ಆ್ಯಪ್‌ಗೆ ನನ್ನ ಬೆನ್ನು ಕಾಣುತ್ತೇನೇ?"

ಬೆನ್ನು ಯಾಕೆ ಕಾಣಬೇಕು? ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಮಾರ್ಚ್ 8, ಭಾನುವಾರ

ಮೊದಲ ಪಾಠ. ನಾಲ್ಕು ತಂತಿ. ಮೊದಲನೆಯದಕ್ಕೆ ನಡುಬೆರಳು, ಉಳಿದವಕ್ಕೆ ತೋರುಬೆರಳು. ಮೊದಲನೆಯದು ಪ, ಉಳಿದ ಮೂರೂ ಸಾ. ಅಷ್ಟೇ. ಇಷ್ಟಕ್ಕೆ ಪಾಠ ಬೇಕಾ ಅಂದುಕೊಂಡೆ. ಒಂದು ಗಂಟೆಯಲ್ಲಿ ಬೆರಳು ಬೊಬ್ಬೆ.

"ತಬಲಾ ಶುರುವಾದ್ಮೇಲೆ ಅದರ ಜೊತೆಗೇ ಮೀಟ್ಬೇಕಾ?"

"ಮೀಟಿದ್ರೆ ಕೈ ಮುರೀತೀನಿ. ಅದು ಅದರ ಪಾಡಿಗೆ, ನೀನು ನಿನ್ನ ಪಾಡಿಗೆ."

"ಮಧ್ಯೆ ನೀವೇ ಹಾಡೋದು ನಿಲ್ಲಿಸಿಬಿಟ್ರೆ?"

"ನಾನು ನಿಲ್ಲಿಸ್ಲಿ, ಕರೆಂಟ್ ಹೋಗ್ಲಿ, ಸೂರು ತಲೆ ಮೇಲೆ ಬೀಳ್ಲಿ — ನೀನು ನಿಲ್ಲಿಸ್ಬೇಡ. ಪ್ರಶ್ನೆಪತ್ರಿಕೆ ಮುಗೀತಾ?"

ಪ್ರಶ್ನೆಪತ್ರಿಕೆ... ಚಿಕ್ಕಂದಿನಿಂದ ಅವರು ನನಗಿಟ್ಟ ಹೆಸರು. ಮುಗಿದಿರಲಿಲ್ಲ. ತಂತಿಯ ಕೆಳಗೆ ಒಂದು ಎಳೆ ದಾರ ಸಿಕ್ಕಿಸಿದ್ದಾರೆ, ಕೂದಲಿನಷ್ಟು ಜರುಗಿಸಿದರೆ ನಾದವೇ ಬೇರೆ. ಯಾಕೆ? ಜರುಗಿಸಿ ನೋಡಿದೆ. ಬೈಸಿಕೊಂಡೆ. ಮತ್ತೆ ಜರುಗಿಸಿದೆ.

ಮನೆಗೆ ಬಂದಮೇಲೂ ಫ್ರಿಜ್ ಗುಂಯ್ ಅಂದರೆ ಕಿವಿ ನಿಮಿರುತ್ತದೆ. "ಫ್ರಿಜ್ ಯಾವ ರಾಗ ಹಾಡ್ತಿದೆ?" ಅಂತ ಗಂಡನ ತಮಾಷೆ.

ಮಾರ್ಚ್ 15, ಭಾನುವಾರ

ಎಲ್ಲರೂ ಸೇರಿ ಪ್ರ್ಯಾಕ್ಟೀಸ್. ಹಾರ್ಮೋನಿಯಂ ಮೇಷ್ಟ್ರು ಬಂದಿದ್ದರು — ದೊಡ್ಡಮ್ಮನ ಹಳೇ ಜೊತೆಗಾರರು, ಮಾತು ಕಮ್ಮಿ. ತಬಲಾದವರ ಚೀಲದಿಂದ ತಬಲಾಗಳು ಒಂದರ ಹಿಂದೆ ಒಂದು, ಮೂರು ಹೊರಬಂದವು.

"ಬಾರಿಸೋ ಕೈ ಎರಡೇ ತಾನೇ? ಇನ್ನೊಂದು ಯಾಕೆ?" ಅಂದೆ.

"ಅಮ್ಮಾವ್ರು ಶ್ರುತಿ ಇಳಿಸಿದ್ರೆ ಇದು ನಡೆಯಲ್ಲ, ಅದು ಬೇಕು," ಅಂದರು.

ಮೇಷ್ಟ್ರು ತಲೆ ಬಗ್ಗಿಸಿ ಹಾರ್ಮೋನಿಯಂ ಒರೆಸತೊಡಗಿದರು. ಆಮೇಲೆ ಗೊತ್ತಾಯಿತು: ಶ್ರುತಿ ಅಂದರೆ ಹಾಡುವವರು ತಮ್ಮ ಸಾ ಎಲ್ಲಿಟ್ಟುಕೊಳ್ಳುತ್ತಾರೆ ಅನ್ನುವುದು. ಇನ್ನು ಅದನ್ನು ಇಳಿಸಿ ಹಾಡಿ ಅಂತ ಗಂಟಲಿನ ಡಾಕ್ಟರ್ ಹೇಳಿದ್ದಾರೆ.

"ಇಳಿಸೋ ಮಾತೇ ಇಲ್ಲ. ಕೇಳೋರು ಬರೋದು ನನ್ನ ಶ್ರುತಿ ಕೇಳೋಕೆ," ಅಂದರು ದೊಡ್ಡಮ್ಮ.

ಹಾಡಿದರು. ಮೆಟ್ಟಿಲು ಹತ್ತಿದ ಹಾಗೆ ಮೇಲೆ ಮೇಲೆ ಹೋಗಿ, ಇನ್ನೇನು ಬಾಗಿಲು ಅನ್ನುವಾಗ ವಾಪಸ್. ಪ್ರತಿ ಸಲವೂ! ತಡೆಯಲಾಗಲಿಲ್ಲ. ಮೇಲೆ ಏನಿದೆ ಅಂತ ಕೇಳಿಯೇಬಿಟ್ಟೆ.

"ಮೇಲಿನ ಸಾ. ಅದನ್ನ ಸ್ಟೇಜಿಗೆ ಇಟ್ಟಿದ್ದೀನಿ."

ಹೊರಡುವಾಗ ಬಾಗಿಲವರೆಗೂ ಬಂದರು. "ಈ ಕಛೇರಿ ಕೆಟ್ರೆ ಹಾಡೋದು ಬಿಟ್ಟೆ ಕಣೇ. ತಂಬೂರಿ ನಿನ್ ಮನೆಗೆ ಕಳಿಸ್ತೀನಿ. ಟಿವಿ ಪಕ್ಕ ನಿಲ್ಲಿಸ್ಕೋ, ಚೆಂದ ಕಾಣುತ್ತೆ."

ನಗುತ್ತಲೇ ಅಂದರು. ದಾರಿಯುದ್ದಕ್ಕೂ ಟಿವಿ ಪಕ್ಕದ ಮೂಲೆಯೇ ಕಣ್ಣ ಮುಂದೆ.

ಮಾರ್ಚ್ 22, ಭಾನುವಾರ — ಮಧ್ಯಾಹ್ನ

ಬೆರಳಿಗೆ ಎಣ್ಣೆ ಹಚ್ಚಿದ್ದೇನೆ. ಗಂಡ ಮೂರನೇ ಸಾಲಿನಲ್ಲಿ ಕೂರುತ್ತಾನಂತೆ. ನಿದ್ದೆ ಬಂದರೆ ಎಬ್ಬಿಸುವವರು ಯಾರು? ನನಗೆ ಹೆದರಿಕೆಗಿಂತ ಕುತೂಹಲವೇ ಜಾಸ್ತಿ. ಸರಿಯೋ ತಪ್ಪೋ.

ಮಾರ್ಚ್ 23, ಸೋಮವಾರ — ಬೆಳಿಗ್ಗೆ

ರಜೆ ಹಾಕಿದ್ದೇನೆ. ಮರೆಯುವ ಮೊದಲು ಬರೆದಿಡಬೇಕು.

ಲೈಬ್ರರಿಯ ಮೇಲಿನ ಹಾಲ್. ಸ್ಟೀಲ್ ಕುರ್ಚಿಗಳು ತುಂಬಿದ್ದವು. ನಾನು ದೊಡ್ಡಮ್ಮನ ಹಿಂದೆ, ತಂಬೂರಿ ಅಪ್ಪಿಕೊಂಡು. ಎಲ್ಲರಿಗೂ ಅವರ ಮುಖ, ನನಗೆ ಬೆನ್ನು. ಅಲ್ಲಿಂದ ಏನು ಕಂಡೀತು ಅಂದುಕೊಂಡಿದ್ದೆ. ಎಲ್ಲವೂ ಕಾಣುತ್ತದೆ! ಹಾಡುವ ಮೊದಲು ಭುಜ ಸ್ವಲ್ಪ ಅಗಲವಾಗುತ್ತದೆ. ಸ್ವರ ಸರಿಯಾಗಿ ಕೂತರೆ ಕತ್ತು ಸಡಿಲ. ಪ್ರತಿ ಸಲ ಶುರುಮಾಡುವ ಮುಂಚೆ ತಲೆ ಒಂಚೂರು ನನ್ನ ಕಡೆ ವಾಲುತ್ತದೆ, ತಂಬೂರಿಯನ್ನು ಏನೋ ಕೇಳಿಕೊಂಡ ಹಾಗೆ.

ಮೊದಲು ತಬಲಾ ಇಲ್ಲ. ಬರೀ ಆ... ಆ... ಇಷ್ಟು ನಿಧಾನ ಯಾಕೆ ಅಂತ ಮೊದಮೊದಲು ಅನ್ನಿಸಿತು. ಆಮೇಲೆ ಮುಂದಿನ ಸ್ವರ ಯಾವಾಗ ಬರುತ್ತದೋ ಅಂತ ನಾನೇ ಕಾಯತೊಡಗಿದೆ. ಯಾವಾಗ ಬದಲಾದೆನೋ ತಿಳಿಯಲಿಲ್ಲ. ತಬಲಾ ಶುರುವಾಗಿದ್ದೇ ನನ್ನ ಬೆರಳು ಅದರ ಹಿಂದೆ ಓಡಿತು. ದೊಡ್ಡಮ್ಮನ ಎಡಗೈ ಬೆನ್ನ ಹಿಂದೆ ಬಂದು, ಬೇಡ ಅಂತ ಆಡಿತು. ತಿರುಗಿ ನೋಡದೆ ಹೇಗೆ ಗೊತ್ತಾಯಿತು?

ಮೇಲಕ್ಕೆ ಹೊರಟರು. ಆ ಎಡಗೈ ಜಮಖಾನೆಯನ್ನು ಹಿಡಿದುಕೊಂಡಿತು. ಮೇಲಿನ ಸಾ — ಒಡೆಯಿತು. ಚಕ್ಕನೆ ಕೆಳಗಿಳಿದು ಸಂಭಾಳಿಸಿದರು. ಇನ್ನೊಮ್ಮೆ ಹತ್ತಿದರು. ಈ ಸಲ ಸ್ವರವೇ ಬರಲಿಲ್ಲ, ಬರೀ ಗಾಳಿ. ಆ ಜಾಗವನ್ನು ಮೇಷ್ಟ್ರು ಹಾರ್ಮೋನಿಯಂನಿಂದ ತುಂಬಲು ಹೋದರು. ದೊಡ್ಡಮ್ಮ ಕೈಯೆತ್ತಿ ತಡೆದರು. ತಬಲಾ ನಿಂತಿತು. ಹಾಡೂ ನಿಂತಿತು.

ನಾನು ನಿಲ್ಲಿಸಲಿಲ್ಲ. ಸೂರು ಬಿದ್ದರೂ ನಿಲ್ಲಿಸಬೇಡ ಅಂದಿದ್ದರಲ್ಲ! ಅಷ್ಟು ದೊಡ್ಡ ಹಾಲಿನಲ್ಲಿ ನನ್ನದೊಂದೇ ಸದ್ದು. ಎಲ್ಲರ ಕಣ್ಣೂ ನನ್ನ ಮೇಲೆ. ಪ, ಸಾ, ಸಾ, ಸಾ.

ದೊಡ್ಡಮ್ಮ ತಿರುಗಿದರು. ಕಣ್ಣು ತುಂಬಿತ್ತು. ದಿನವಿಡೀ ಅಂಗಡಿಯಲ್ಲಿ ಲೆನ್ಸ್ ಬದಲಿಸುತ್ತ ಕೇಳುವ ಪ್ರಶ್ನೆಯೇ ಬಾಯಿಗೆ ಬಂತು.

"ದೊಡ್ಡಮ್ಮ, ಇದು ಸರಿ ಇದೆಯಾ, ಇಳಿಸಿದ್ರೆ ಸರಿ ಇರುತ್ತಾ?"

ಬೈಯುತ್ತಾರೆ ಅಂದುಕೊಂಡೆ.

"ಇಳಿಸಿದ್ರೆ," ಅಂದರು. ಅಷ್ಟು ಸಣ್ಣಗೆ. "ಇಲ್ಲಿ ಕೊಡು."

ಮೈಕಿನಲ್ಲಿ ಹೇಳಿದರು: "ನನ್ನ ಸಾ ಮನೆ ಬದಲಾಯಿಸಿದೆ. ನಾನು ಹಳೇ ವಿಳಾಸದಲ್ಲೇ ಹುಡುಕ್ತಿದ್ದೆ. ಸ್ವಲ್ಪ ಹೊತ್ತು ಕೂತಿರಿ."

ಯಾರೂ ಏಳಲಿಲ್ಲ. ಜನರ ಎದುರಿಗೇ ತಂಬೂರಿಯ ಬಿರಟೆ ತಿರುಗಿಸಿದರು. ತಂತಿ ಕೊಂಯ್ ಅಂತ ಇಳಿಯಿತು, ಅಲೆದಾಡಿತು, ಕೂತಿತು. ತಬಲಾದವರು ಆಗಲೇ ಚೀಲಕ್ಕೆ ಕೈ ಹಾಕಿದ್ದರು. ಮೇಷ್ಟ್ರು ಹಾರ್ಮೋನಿಯಂನಲ್ಲಿ ಒಂದು ಮನೆ ಕೆಳಗೆ ಬೆರಳಿಟ್ಟು ಕಾಯುತ್ತಿದ್ದರು. ಅವರ ಮುಖದಲ್ಲಿ ಅಂಥ ನಗು ನಾನು ನೋಡಿರಲೇ ಇಲ್ಲ.

ಮತ್ತೆ ಮೊದಲಿನಿಂದ. ಅದೇ ರಾಗ. ನಾನು ಕೈಯನ್ನೇ ನೋಡುತ್ತಿದ್ದೆ. ಈ ಸಲ ಜಮಖಾನೆ ಹಿಡಿಯಲಿಲ್ಲ, ಮಡಿಲಲ್ಲೇ ಇತ್ತು. ಮೇಲಿನ ಸಾ ಬಂತು, ನಿಂತಿತು. ನನ್ನ ತಂತಿಯೂ ಅವರ ಗಂಟಲೂ ಒಂದೇ ಆಗಿ, ತಂಬೂರಿಯ ಬುರುಡೆ ನನ್ನ ತೊಡೆಯ ಮೇಲೆ ನಡುಗಿತು. ನನಗೆ ಅಳು ಬಂತು. ಒರೆಸಿಕೊಳ್ಳೋಣವೆಂದರೆ ಕೈ ಬಿಡುವ ಹಾಗಿಲ್ಲ.

ಗಂಡ ನಿದ್ದೆ ಮಾಡಿರಲಿಲ್ಲ. ಇಲ್ಲ ಅಂತ ಆಣೆ ಮಾಡಿದ್ದಾನೆ. ನಂಬಿದ್ದೇನೆ.

ಮಾರ್ಚ್ 26, ಗುರುವಾರ

ಶಿಷ್ಯೆಯ ಕೆಮ್ಮು ವಾಸಿಯಾಯಿತಂತೆ. ಒಳ್ಳೆಯದೇ. ಇನ್ನು ನಾನು ಯಾಕೆ ಬೇಕು? ಇಡೀ ದಿನ ಯಾವುದರಲ್ಲೂ ಮನಸ್ಸಿಲ್ಲ. ಗಿರಾಕಿಯೊಬ್ಬರಿಗೆ ಎಡಗಣ್ಣಿನ ಲೆನ್ಸನ್ನು ಬಲಕ್ಕೆ ಹಾಕಿದ್ದೆ.

ಮಾರ್ಚ್ 28, ಶನಿವಾರ

ಅಂಗಡಿಯಿಂದ ಬಂದರೆ ಟಿವಿ ಪಕ್ಕ ತಂಬೂರಿ! ಚಪ್ಪಲಿ ಬಿಡದೆ ಫೋನ್ ಮಾಡಿದೆ.

"ಹಾಡೋದು ಬಿಟ್ರಾ ದೊಡ್ಡಮ್ಮ?"

"ಬಿಡೋದಾ! ಮುಂದಿನ ತಿಂಗಳು ಇನ್ನೊಂದು ಕಛೇರಿ ಒಪ್ಕೊಂಡಿದ್ದೀನಿ. ನನ್ನ ಬೆನ್ನಿಗೆ ನೀನು ಅಭ್ಯಾಸ ಆಗಿದ್ದೀಯ. ಮೀಟೋಕೆ ಬಂದ್ರೆ ಸಾಲ್ದು, ಶ್ರುತಿ ಮಾಡೋಕೂ ಬರ್ಬೇಕು. ನಾಳೆ ಹತ್ತಕ್ಕೆ ಬರ್ತೀನಿ, ಅಷ್ಟರಲ್ಲಿ ನಾಲ್ಕೂ ತಂತಿ ಕೂಡಿಸಿ ಇಟ್ಟಿರು."

"ಹೊಸ ಶ್ರುತಿಗಾ, ಹಳೇದಕ್ಕಾ?"

"ಹೊಸದು ಯಾವ್ದೇ? ಅವತ್ತು ಕೂತಿತಲ್ಲ, ನನ್ನ ಶ್ರುತಿ ಅದೊಂದೇ, ಪ್ರಶ್ನೆಪತ್ರಿಕೆ."

ಮಾರ್ಚ್ 29, ಭಾನುವಾರ — ಬೆಳಿಗ್ಗೆ

ಆರಕ್ಕೇ ಎದ್ದು ಕೂತಿದ್ದೇನೆ. ಪ ಹೇಗೋ ಕೂತಿತು. ನಡುವಿನ ಎರಡು ಸಾ ಒಂದಕ್ಕೊಂದು ಮುಖ ತಿರುಗಿಸಿವೆ. ಒಂದನ್ನು ಏರಿಸಿದರೆ ಜಾಸ್ತಿ, ಇಳಿಸಿದರೆ ಕಮ್ಮಿ. ಇದು ಸರಿಯಾ, ಅದು ಸರಿಯಾ... ದಾರವನ್ನು ಕೂದಲಿನಷ್ಟು ಜರುಗಿಸಿದೆ. ಹಾಂ, ಹತ್ತಿರ ಬಂತು. ಇನ್ನೊಂದು ಚೂರು — ಬೆಲ್. ಇಷ್ಟು ಬೇಗ ಬಂದರೇ! ಗಂಡ ಬಾಗಿಲು ತೆಗೆಯುತ್ತಿದ್ದಾನೆ. ಹೊಸ್ತಿಲಲ್ಲೇ ನಿಂತು ಈ ತಂತಿಗೆ ದನಿ ಕೂಡಿಸುತ್ತಿದ್ದಾರೆ, ಸಾ ಅಂತ... ಅರೆ, ಕೂಡ್ತಿದೆ, ಕೂಡ್ತಿ—