ಬರೆದಿಟ್ಟ ತುಂಡುಗಳು

ಶೀಳನೆರೆ
11-8-2024, ಭಾನುವಾರ

ಪ್ರೀತಿಯ ತಂಗಿ ಪ್ರಮೀಳಾಳಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಮಂಡಿನೋವು ಹೇಗಿದೆ? ಕಲಬುರಗಿಯ ಬಿಸಿಲು ಈಗಲಾದರೂ ಇಳಿದಿರಬೇಕು. ಭಾವನವರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆಯೇ? ಫೋನು ಇರುವಾಗ ಕಾಗದವೇಕೆ ಎನ್ನಬೇಡ. ಈ ಮನೆಯಲ್ಲಿ ಎಲ್ಲಿ ನಿಂತು ಮಾತನಾಡಿದರೂ ಅವ್ವನಿಗೆ ಕೇಳಿಸುತ್ತದೆ. ಎಂಬತ್ತಾರು ತುಂಬಿದರೂ ಅವಳ ಕಿವಿಗೆ ಮುಪ್ಪು ಬಂದಿಲ್ಲ.

ಅವ್ವನ ದೊಡ್ಡ ಕೌದಿ ನಿನಗೆ ನೆನಪಿರಬೇಕು. ಮನೆಯ ಪ್ರತಿಯೊಬ್ಬರ ಹಳೆಯ ಬಟ್ಟೆಯಿಂದ ಒಂದೊಂದು ತುಂಡು ಕತ್ತರಿಸಿ, ವರ್ಷವರ್ಷವೂ ಹೊಲಿದು ಬೆಳೆಸಿದ್ದು. ಒಟ್ಟು ನಲವತ್ತೊಂದು ತುಂಡು. ಯುಗಾದಿಗೆ ಒಗೆದು ಹರವಿದಾಗ ಒಂದೊಂದರ ಮೇಲೂ ಬೆರಳಿಟ್ಟು ಅದರ ಕಥೆ ಹೇಳುವುದು ಅವಳ ವಾಡಿಕೆ. ಈ ವರ್ಷ ಅವನ್ನೆಲ್ಲ ಕ್ರಮವಾಗಿ ಬರೆದಿಡಬೇಕೆಂದು ಇನ್ನೂರು ಪುಟದ ನೋಟ್‌ಬುಕ್ಕು ತಂದೆ. ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು ಹೆತ್ತವಳ ಮಾತನ್ನು ಗಾಳಿಗೆ ಬಿಡಬಹುದೇ?

ಮೊದಲಿಗೆ ಸೊಗಸಾಗಿಯೇ ನಡೆಯಿತು. ಬೈರಮ್ಮತ್ತೆಯ ಮದುವೆ ಸೀರೆ ಹೇಮಾವತಿ ನಾಲೆಯಲ್ಲಿ ಬಿದ್ದು ನೆಂದ ಕಥೆಗೆ ನಾನು ತಕರಾರು ತೆಗೆದೆ; ಆ ಮದುವೆಯ ಕಾಲಕ್ಕೆ ನಮ್ಮ ಕಡೆಗೆ ನಾಲೆಯೇ ಬಂದಿರಲಿಲ್ಲ. “ನೀರು ಯಾವ್ದಾದ್ರೇನ್ಲಾ, ಸೀರೆ ನೆಂದಿದ್ದು ನಿಜ. ಮೇಷ್ಟ್ರಾದ್ರೆ ಅವ್ವಂಗೂ ಮಾರ್ಕ್ಸ್ ಕಳೀತೀಯಾ?” ಎಂದಳು. ನಾನು ಕೆರೆಯೆಂದು ತಿದ್ದಿ ಬರೆದೆ. ಮರುದಿನ ಅತ್ತೆಯ ಮಗ ಧರ್ಮೇಂದ್ರ ಬಂದು ಅದೇ ಕಥೆ ಹೇಳೆಂದ. ಅವ್ವ ಆ ತುಂಡನ್ನು ದಿಟ್ಟಿಸಿ, ಇದು ಯಾರ ಸೀರೆಯೆಂದು ಅವನನ್ನೇ ಕೇಳಿದಳು. ಬೈರಮ್ಮ ಎಂದರೂ ಅವಳಿಗೆ ಹೊಳೆಯಲಿಲ್ಲ.

ವಯಸ್ಸೆಂದುಕೊಂಡೆ. ಆದರೆ ಅಪ್ಪನ ಪೇಟದ ತುಂಡನ್ನು ಬರೆದ ಮೇಲೆ, ಅಪ್ಪನ ಪಟಕ್ಕೆ ಹೂವಿಡುವುದನ್ನು ನಿಲ್ಲಿಸಿದಳು. ಚಿಕ್ಕಮಾದಯ್ಯ ಚಿಕ್ಕಪ್ಪನದನ್ನು ಬರೆದ ವಾರ, ಅಂಗಳಕ್ಕೆ ಬಂದ ಚಿಕ್ಕಪ್ಪನನ್ನೇ ಏನು ಮಾರಲು ಬಂದಿರಿ ಎಂದು ವಿಚಾರಿಸಿದಳು. ಪೂರ್ತಿ ಮರೆಯುವ ಮುನ್ನ ಹಿಡಿದಿಡಬೇಕೆಂಬ ಆತುರದಲ್ಲಿ ನಾನು ಇನ್ನೂ ಬೇಗ ಬೇಗ ಬರೆದೆ. ಮೂವತ್ತೊಂಬತ್ತು ಮುಗಿದವು. ನಿನ್ನದು, ನನ್ನದು, ಎರಡೇ ಉಳಿದವು. ಆ ಎರಡರ ಕಥೆ ಮಾತ್ರ ಒಂದೆಳೆಯೂ ಸಡಿಲವಾಗದೆ ಅವಳ ಬಾಯಲ್ಲಿತ್ತು. ವೈದ್ಯರು ಇದು ಮರೆವಿನ ಕಾಯಿಲೆ, ನೋಟ್‌ಬುಕ್ಕಿಗೂ ಅದಕ್ಕೂ ಸಂಬಂಧವಿಲ್ಲ ಎಂದರು. ನಾನೂ ಹಾಗೆಯೇ ನಂಬುವವನು. ಆದರೂ ನಾನು ಬರೆದದ್ದನ್ನೇ ಏಕೆ ಮರೆಯುತ್ತೀಯೆಂದು ಒಮ್ಮೆ ಅವ್ವನನ್ನೇ ಕೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಲಿಲ್ಲ. “ನೀನು ಬರ್ಕೊಂಡ್ಯಲ್ಲ ಮಗ, ಇನ್ನು ನಂಗ್ಯಾಕದು? ಗಂಟಾಕಿದ್ಮೇಲೆ ದಾರ ಕತ್ತರಿಸ್ಬುಡ್ಬೇಕು” ಎಂದಳು.

ಅಂದಿನಿಂದ ಆ ನೋಟ್‌ಬುಕ್ಕನ್ನು ನಾನು ಮುಟ್ಟಿಲ್ಲ. ನಿನ್ನ ಹಸಿರು ಲಂಗದ ತುಂಡು ಹಾಗೆಯೇ ಉಳಿದಿದೆ. ಅವ್ವ ದಿನವೂ ನಿನ್ನ ದಾರಿ ನೋಡುತ್ತಾಳೆ. ಗೌರಿಹಬ್ಬದವರೆಗೆ ಕಾಯದೆ ಹೊರಟು ಬಾ.

ಮನೆದೇವರು ನಿಮ್ಮೆಲ್ಲರನ್ನೂ ಕಾಯಲಿ. ಭಾವನವರಿಗೆ ನಮಸ್ಕಾರ, ಮೊಮ್ಮಗಳು ಚಿನ್ನುವಿಗೆ ಮುತ್ತು.

ನಿನ್ನ ಅಣ್ಣ,
ಶಿವಲಿಂಗಯ್ಯ

ತಾ.ಕ.: ನೋಟ್‌ಬುಕ್ಕು ಮುಟ್ಟಿಲ್ಲವೆಂದು ಕೊನೆಗೆ ಬರೆದದ್ದು ಸುಳ್ಳು, ಹರಿದು ಬೇರೆ ಬರೆಯಲು ಹೊತ್ತಿಲ್ಲ. ವೈದ್ಯರ ಮಾತೇ ಸರಿಯೆಂದು ರುಜುವಾತು ಮಾಡಿಕೊಳ್ಳಬೇಕೆನಿಸಿತು. ಅದಕ್ಕೆ ಅವ್ವ ಎಂದಿಗೂ ಮರೆಯಲಾರದ ತುಂಡೇ ಆಗಬೇಕೆಂದು, ಕಳೆದ ಸೋಮವಾರ ನಿನ್ನದನ್ನು ಬರೆದುಕೊಂಡೆ. ಮಂಗಳವಾರದಿಂದ ತನಗೆ ಹೆಣ್ಣುಮಕ್ಕಳೇ ಇಲ್ಲ, ಒಬ್ಬನೇ ಮಗ ಎಂದು ಬಂದವರಿಗೆಲ್ಲ ಹೇಳುತ್ತಿದ್ದಾಳೆ. ನನ್ನನ್ನು ಕ್ಷಮಿಸು. ಬಂದಾಗ ನಾನ್ಯಾರು ಹೇಳವ್ವ ಎಂದು ಬಾಗಿಲಲ್ಲಿ ನಿಂತು ಕೇಳಬೇಡ, ಹೆಸರು ಹೇಳಿಕೊಂಡೇ ಒಳಗೆ ಬಾ. ಈಗ ಅವಳು ಜಗಲಿಯಲ್ಲಿ ಕೌದಿ ಹರವಿಕೊಂಡು ಕುಳಿತು, ಮೂರನೆಯ ಸಲ ನನ್ನನ್ನು ಕರೆಯುತ್ತಿದ್ದಾಳೆ. “ಬಾ ಮಗ, ಇದೊಂದ್ ಉಳ್ದದೆ. ಬರ್ಕೊಬುಡು.”