ಹೊದಿಸದ ನಾಲ್ಕು ಸಾಲು

ಮೋತಿಬೇರಾ, ಜೋಧಪುರ ಸೀಮೆ
೧೫ ಜನವರಿ ೧೯೮೨, ಸಂಕ್ರಾಂತಿಯ ಮರುದಿನ

ಪ್ರೀತಿಯ ತಂಗಿ ಸುಗನಿಗೆ, ನಿನ್ನ ದೊಡ್ಡ ಓರಗಿತ್ತಿ, ಅಕ್ಕ ಧಾಪು ಮಾಡುವ ಆಶೀರ್ವಾದ.

ಹೇಗಿದ್ದೀಯೆ? ಕಿಷ್ಣಾ ಹುಟ್ಟಿದಾಗ ಹಿಡಿದುಕೊಂಡಿದ್ದ ಸೊಂಟನೋವು ಈ ಸಲವೂ ಬಂತೇ? ತಲೆಗೆ ಬಟ್ಟೆ ಕಟ್ಟುವುದನ್ನು ಮರೆಯಬೇಡ, ನಿನ್ನ ತವರಿನ ಕಡೆಯ ಗಾಳಿ ನಮ್ಮದಕ್ಕಿಂತ ಕೆಟ್ಟದ್ದು. ಹೊರಡುವಾಗ ನಾನು ಕಟ್ಟಿಕೊಟ್ಟ ಅಂಟಿನುಂಡೆಯ ಡಬ್ಬಿ ನಿನ್ನ ತಲೆದಿಂಬಿನ ಹತ್ತಿರವೇ ಇದೆಯೋ, ಇಲ್ಲ ನಿನ್ನ ಅತ್ತಿಗೆಯ ಕಪಾಟು ಸೇರಿತೋ? ಆಯಮ್ಮನ ಕೈ ತುಪ್ಪದ ವಿಷಯದಲ್ಲಿ ಎಷ್ಟು ಬಿಗಿ ಅಂತ ನೀನೇ ಹೇಳಿ ನಗುತ್ತಿದ್ದೆ. ಕೇಳಿ ತಿನ್ನು, ನಾಚಿಕೆ ಪಡಬೇಡ. ಹಾಲು ಸಾಲದಿದ್ದರೆ ಹುರಿದ ಜೀರಿಗೆಗೆ ಬೆಲ್ಲ ಸೇರಿಸಿ ಬೆಳಿಗ್ಗೆ ಬೆಳಿಗ್ಗೆ ಅಗಿ. ಕಿಷ್ಣಾ ನನ್ನ ಪಕ್ಕದಲ್ಲಲ್ಲದೆ ಮಲಗುತ್ತಿರಲಿಲ್ಲ, ಈಗ ಯಾರ ಪಕ್ಕ ಮಲಗುತ್ತಾನೆ? ಈ ಕಾಗದವನ್ನು ಅಣ್ಣನ ಕೈಯಲ್ಲಿ ಓದಿಸಬೇಡ, ನೀನೇ ಓದು. ಅಂಗಳದ ಮರಳಿನ ಮೇಲೆ ಕಡ್ಡಿಯಲ್ಲಿ ಗೀಚಿ ಎರಡು ಬೇಸಿಗೆ ನಿನಗೆ ಅಕ್ಷರ ಕಲಿಸಿದವಳು ನಾನು. ಇಂಥ ಕಾಗದ ನಿನಗೇ ಬರೆಯುತ್ತೇನೆ ಅಂತ ಆಗ ಗೊತ್ತಿರಲಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಮಾವನವರ ಕೆಮ್ಮು ಹಾಗೇ ಇದೆ, ಬೀಡಿಯೂ ಹಾಗೇ ಇದೆ. ಬಿಳಿ ಮೇಕೆ ಎರಡು ಮರಿ ಹಾಕಿತು. ನಿನ್ನ ಗಂಡ ಚೈನಾರಾಮ ಅಸ್ಸಾಮಿನ ಸೇನಾ ಪಾಳೆಯದಿಂದ ಕಾಗದ ಹಾಕಿದ್ದಾನೆ, ರಜೆ ವೈಶಾಖಕ್ಕಂತೆ. ಬಾವಿ ಪಕ್ಕದ ಹೊಲದ ಪಟ್ಟಿ ಏನಾಯಿತು ಅಂತ ಎರಡು ಸಲ ಕೇಳಿದ್ದಾನೆ, ಪಾಪ. ಪಟಾಲಮ್ಮು ಬಿಟ್ಟು ಬಂದ ಮೇಲೆ ಅದರಲ್ಲೇ ತರಕಾರಿ ಬೆಳೆದುಕೊಂಡು ಇರುತ್ತೇನೆ ಅಂತ ಆಸೆ. ದಸರಾ ದಿನ ಮಾವನವರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದು ನೆನಪಿದೆಯಲ್ಲ. “ಬಾವಿ ಒಂದೇ, ನೀರೂ ಒಂದೇ. ಇಬ್ರೂ ಸೋರೆ ಹಾಕಿ. ಅಕ್ಷಯ ತದಿಗೆ ದಿನ ಯಾರ ಬಳ್ಳೀಲಿ ಕಾಯಿ ತೂಗ್ತಿರುತ್ತೋ ಆ ಪಟ್ಟಿ ಅವಳದ್ದು. ಆಮೇಲೆ ಯಾರೂ ಮುಖ ಊದಿಸ್ಕೊಂಡು ಕೂರಬಾರ್ದು.” ನೀನು ಮುಸುಕಿನೊಳಗಿಂದ ನನ್ನ ಕಡೆ ನಾಲಿಗೆ ಚಾಚಿದೆ. ನನಗೆ ನಗು ತಡೆಯಲಾಗಲಿಲ್ಲ. ಆ ಪಟ್ಟಿ ನಿನಗೇ ಬರಲಿ ಅಂತ ನನ್ನ ಮನಸ್ಸಿನಲ್ಲಿತ್ತು ಕಣೇ, ದೇವರಾಣೆ. ನನಗೆ ಬೇಕಾಗಿದ್ದದ್ದೇ ಬೇರೆ, ಅದನ್ನು ನೀನು ಆಗಲೇ ಕೊಡುತ್ತೇನೆ ಅಂದಿದ್ದೆ.

ನಿನ್ನ ಸತ್ತ ಅಮ್ಮನ ಕಾಲದ ಬೀಜ ಅಂತ ಎಷ್ಟು ಜಂಬ ನಿನಗೆ! ತಿಪ್ಪೆಯ ಬಿಸಿಯಲ್ಲಿ ಹೂತು ಮೊಳಕೆ ಬರಿಸೋಣ ಅಂದರೆ ನೀನು ಕೇಳಲಿಲ್ಲ. ನೆನೆಸಿದ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಬಸುರಿಯ ಹೊಟ್ಟೆಯ ಬಿಸಿಗಿಂತ ಬೇರೆ ಬೇಕೇ ಅಂತ ಲಂಗದ ಲಾಡಿಗೆ ಸಿಕ್ಕಿಸಿಕೊಂಡು ನಾಲ್ಕು ದಿನ ಓಡಾಡಿದೆ. ಐದನೆಯ ದಿನ ಗಂಟು ಬಿಚ್ಚಿದರೆ ಒಂದೂ ಸುಳ್ಳಾಗಿರಲಿಲ್ಲ. ಆ ಹೊಟ್ಟೆಯಲ್ಲಿದ್ದದ್ದು ನನ್ನ ಕೂಸು, ಹೆಣ್ಣಾಗಲಿ ಗಂಡಾಗಲಿ ನನಗೇ ಕೊಡುತ್ತೇನೆ ಅಂತ ನೀನೇ ಬಾಯಿಬಿಟ್ಟು ಹೇಳಿದ್ದೆ. ಹನ್ನೊಂದು ವರ್ಷ ಬರಿಮಡಿಲಲ್ಲಿ ಕೂತವಳಿಗೆ ಅದಕ್ಕಿಂತ ಬೇರೆ ಮಾತು ಬೇಕೇ? ನಿನ್ನ ಪಾಲಿನ ನೀರು ನಾನು ಹೊತ್ತೆ, ಗುದ್ದಲಿ ಹಿಡಿಯಬೇಡ ಅಂತ ಬೈದು ಕಿತ್ತುಕೊಂಡೆ, ಸಂಜೆ ಊದಿದ ಕಾಲು ಒತ್ತಿದೆ. ಕಾಲು ಒತ್ತುವಾಗಲೇ ಗಂಡಾದರೆ ಪೇಮಾ ಅಂತ ಕರೆಯುತ್ತೇನೆ ಅಂದೆ. ನನ್ನ ಗಂಡನಿಗೂ ಹೇಳದ ಹೆಸರು ಅದು. “ಚೆನ್ನಾಗಿದೆ ಅಕ್ಕಾ” ಅಂದೆ ನೀನು, ಕಣ್ಣು ಮುಚ್ಚಿಕೊಂಡೇ.

ಹನ್ನೊಂದನೆಯ ತಾರೀಖು ನಿನ್ನ ಅಣ್ಣ ಓಗಡರಾಮ ಬೆಲ್ಲದ ಬುಟ್ಟಿ ಹಿಡಿದು ಬಂದ. ಗಂಡು ಅಂತ ಕೇಳಿದ್ದೇ ತಡ, ನಾನು ಕಂಚಿನ ತಟ್ಟೆ ಬಡಿಯಲು ಎದ್ದೆ. ಅಕ್ಕಪಕ್ಕದ ಹೆಂಗಸರೆಲ್ಲ ಅಂಗಳದಲ್ಲಿದ್ದರು, ತೊಟ್ಟಿಲಿಗೆ ನಾನು ಹೊಲಿದ ಕೌದಿಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಅವರೆಲ್ಲರ ಎದುರಿಗೇ ನಿನ್ನ ಅಣ್ಣ ಚಹಾ ಊದಿಕೊಂಡು ಹೇಳಿದ. “ತಂಗಿ ಹೇಳಿ ಕಳಿಸಿದಾಳೆ, ಮಗು ತನ್ನ ಹತ್ರಾನೇ ಇರ್ಲಿ ಅಂತ. ನೀವು ಬೇಜಾರು ಮಾಡ್ಕೋಬಾರ್ದಂತೆ. ದಸರಾದಲ್ಲೇ ಅವಳು ಮನಸ್ಸು ಬದಲಾಯಿಸಿದ್ಲು, ನಿಮ್ಮ ಮುಖ ನೋಡಿ ಹೇಳಕ್ಕೆ ಆಗ್ಲಿಲ್ಲ ಅಷ್ಟೇ.” ತಟ್ಟೆ ನನ್ನ ಕೈಯಲ್ಲೇ ಇತ್ತು. ಹೆಂಗಸರಿಗೆಲ್ಲ ಮನೆಯಲ್ಲಿ ಕೆಲಸ ನೆನಪಾಯಿತು.

ಮಗು ಕೊಡದಿದ್ದದ್ದಕ್ಕೆ ನನಗೆ ಸಿಟ್ಟಿಲ್ಲ ಸುಗನಿ. ಸುಳ್ಳೇಕೆ, ಸಿಟ್ಟಿದೆ, ಆದರೆ ಅದು ಅರ್ಥವಾಗುವ ಸಿಟ್ಟು. ಹೆತ್ತ ಕರುಳು, ಬಿಡಲಾಗಲಿಲ್ಲ ಅಂದರೆ ಯಾರು ಬೇಡ ಅನ್ನುತ್ತಾರೆ? ಆದರೆ ದಸರಾದಲ್ಲಿ ಯಾಕೆ ಹೇಳಲಿಲ್ಲ? ದೀಪಾವಳಿಗೆ ನನ್ನ ತಂಗಿ ರುಕ್ಮಾ ತನ್ನ ಮೂರನೆಯ ಗಂಡುಕೂಸನ್ನು ಎತ್ತಿಕೊಂಡು ಈ ಹೊಸ್ತಿಲಿಗೇ ಬಂದಿದ್ದಳು. ತಗೋ ಅಂತ ಮಡಿಲಿಗೆ ಹಾಕಿದಳು. ನನ್ನ ಕೂಸು ಸುಗನಿಯ ಹೊಟ್ಟೆಯಲ್ಲಿದೆ, ಬೇಡ ಅಂತ ನಾನು ತಿರುಗಿ ಕೊಟ್ಟೆ. ನೀನು ಅಲ್ಲೇ ಇದ್ದೆ. ಸಜ್ಜೆ ಹಿಟ್ಟು ನಾದುತ್ತಾ ಕೂತಿದ್ದೆ, ತಲೆ ಎತ್ತಲಿಲ್ಲ. ರುಕ್ಮಾ ಆ ಮಗುವನ್ನು ಪಾಲಿ ಪಟ್ಟಣದಲ್ಲಿರುವ ಮೈದುನನಿಗೆ ಕೊಟ್ಟಳು, ಅವರು ಪೂಜೆ ಮಾಡಿಸಿ ದತ್ತು ತೆಗೆದುಕೊಂಡೂ ಆಯಿತು. ಒಂದು ಮಾತು, ಹೊತ್ತಿಗೆ ಸರಿಯಾಗಿ ಒಂದೇ ಮಾತು ಹೇಳಿದ್ದರೆ ಇವತ್ತು ನನ್ನ ತೊಟ್ಟಿಲು ಖಾಲಿ ಇರುತ್ತಿರಲಿಲ್ಲ. ನಿನಗೆ ನಾನು ಕಾಲು ಒತ್ತುವುದು ಬೇಕಾಗಿತ್ತು, ಅದಕ್ಕೇ ಬಾಯಿ ಬಿಡಲಿಲ್ಲ.

ಈಗ ನಿನ್ನ ಸೋರೆಯ ಸುದ್ದಿ. ಮರುದಿನ ಹನ್ನೆರಡನೆಯ ತಾರೀಖು, ಹಗಲೆಲ್ಲ ಬಡಗಣ ಗಾಳಿ ಬೀಸಿ ಹೊತ್ತು ಮುಳುಗುವಾಗ ಒಮ್ಮೆಗೇ ನಿಂತುಬಿಟ್ಟಿತು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಒಲೆಯ ಹೊಗೆ ನೆಟ್ಟಗೆ ಮೇಲೇರಿತು. ಇನ್ನೇನು ಬೇಕು, ಮಾವನವರು ಜಗಲಿಯಿಂದಲೇ ಕೂಗಿದರು. “ಇವತ್ತು ಪಾಲಾ ಬೀಳತ್ತೆ, ಬರೆದಿಟ್ಕೊಳಿ. ಎಲೆ ಮೇಲಿನ ಇಬ್ಬನೀನೂ ಕಲ್ಲಾಗತ್ತೆ. ಸಾಲಿಗೆ ನೀರು ಬಿಡಿ, ತಡಿಕೆ ಹೊದಿಸಿ, ವಾಯುವ್ಯಕ್ಕೆ ಹೊಗೆ ಹಾಕಿ!” ಬಾವಿಯ ಎಂಜಿನ್ನು ಕೆಮ್ಮಿ ಕೆಮ್ಮಿ ಹೊತ್ತಿಕೊಂಡಿತು, ನಮ್ಮವರು ಹಸಿ ಕಸಕ್ಕೆ ಬೆಂಕಿ ಹಾಕಲು ಓಡಿದರು. ಸೋರೆ ಸಾಲು ನನ್ನ ಪಾಲಿಗೆ ಬಂತು. ನೀನು ಹೋಗುವಾಗ ನನ್ನ ಕೈ ಹಿಡಿದು ಒಪ್ಪಿಸಿದ್ದೂ ನನಗೇ ತಾನೆ. ನಾನು ನನ್ನ ನಾಲ್ಕು ಸಾಲಿಗೆ ಜೊಂಡಿನ ತಡಿಕೆ ಬಾಗಿಸಿ ಮುಚ್ಚಿದೆ. ಆಮೇಲೆ ನಿನ್ನ ನಾಲ್ಕು ಸಾಲಿಗೆ ಹೋದೆ. ನಿಂತು ನೋಡಿದೆ. ನಾಲ್ಕೆಲೆ ಬಿಟ್ಟು ಮುದ್ದಾಗಿ ಕೂತಿದ್ದವು. ಕಾರ್ತಿಕ ಕಳೆದಾಗಿನಿಂದ ಅವುಗಳ ಬಡಗಣ ಮಗ್ಗುಲಿಗೆ ಆನಿಸಿಟ್ಟಿದ್ದ ತಡಿಕೆಗಳನ್ನು ಒಂದೊಂದಾಗಿ ಕಿತ್ತು ತಂದು ನನ್ನ ಸಾಲಿನ ಮೇಲೆ ಎರಡನೆಯ ಹೊದಿಕೆ ಹಾಸಿದೆ. ನೀರನ್ನೂ ತಿರುಗಿಸಲಿಲ್ಲ.

ಮನೆಗೆ ಬಂದಾಗ ಮಾವನವರು “ಚಿಕ್ಕೋಳ ಸಾಲೂ ಮುಚ್ಚಿದ್ಯಾ?” ಅಂತ ಕೇಳಿದರು. ಮಾವನ ಎದುರು ಬಾಯಿ ಬಿಡುವಂತಿಲ್ಲ ಅಂತ ನಾವಿಬ್ಬರೂ ಎಷ್ಟು ಸಲ ಗೊಣಗಿಲ್ಲ? ಆವತ್ತು ಆ ಪದ್ಧತಿಯೇ ನನ್ನ ಕೈ ಹಿಡಿಯಿತು. ಮುಸುಕು ಆಡಿಸಿದೆ, ಅಷ್ಟೇ ಸಾಕಾಯಿತು. ಬೆಳಕು ಹರಿದ ಮೇಲೆ ನೋಡಿದರೆ ಬಯಲೆಲ್ಲ ಉಪ್ಪು ಎರಚಿದ ಹಾಗಿತ್ತು, ಮೇಕೆಯ ಬಾನಿಯಲ್ಲಿ ಗಾಜಿನಂಥ ಪದರ. ನಿನ್ನ ಸಾಲಿನ ಎಲೆಗಳು ಮೊದಲು ಹಸಿರಾಗಿಯೇ ಕಂಡವು. ಬಿಸಿಲು ತಾಗಿದ್ದೇ ತಡ, ಬೇಯಿಸಿದ ಸೊಪ್ಪಾಗಿ ಒಂದೊಂದೂ ಮಣ್ಣಿಗೆ ಅಂಟಿಕೊಂಡವು. ಬೆಳಗಿನ ಜಾವ ಗಾಳಿ ಎದ್ದು ಹಾರಿಸಿತೇನೋ ತಡಿಕೆ ಅಂತ ನಮ್ಮವರೇ ಹೇಳಿದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ಎರಡು ದಿನ ಹಾಯಾಗಿದ್ದೆ. ನಿನ್ನೆ ಸಂಕ್ರಾಂತಿಗೆ ಎಳ್ಳುಂಡೆ ಕಟ್ಟುವಾಗ ಕಿಷ್ಣಾನ ಪಾಲಿನದನ್ನು ಕೈ ತಾನಾಗಿ ಬೇರೆ ಎತ್ತಿಟ್ಟಿತು. ಆಗ ಅಳು ಬಂತು. ನಾನು ಕೆಟ್ಟವಳು ಸುಗನಿ, ಮಾಡಬಾರದ್ದು ಮಾಡಿದೆ. ನನ್ನ ಸಿಟ್ಟು ತೀರಿತು, ನೀನು ನಿನ್ನ ಮಗುವನ್ನು ಇಟ್ಟುಕೋ, ಚೆನ್ನಾಗಿರಲಿ. ಈಗ ನಾನು ಹೇಳುವುದನ್ನು ಕೇಳು. ನಿನ್ನ ಅಮ್ಮನ ಬೀಜ ಇನ್ನೊಂದು ಹಿಡಿ ತವರಿನ ಮಡಕೆಯಲ್ಲಿದೆ ಅಂದಿದ್ದೆಯಲ್ಲ, ಅದನ್ನು ಅಣ್ಣನ ಕೈಯಲ್ಲಿ ತಡಮಾಡದೆ ಕಳಿಸು. ವಸಂತ ಪಂಚಮಿಗೆ ಇನ್ನೂ ಹದಿನೈದು ದಿನ ಇದೆ. ಅಷ್ಟರೊಳಗೆ ಊರಿದರೆ ಎಪ್ಪತ್ತು ದಿನಕ್ಕೆ ಕಾಯಿ, ಅಕ್ಷಯ ತದಿಗೆಗೆ ಧಾರಾಳ. ಶಿವರಾತ್ರಿಯವರೆಗೆ ಪಾಲಾ ಬೀಳುವ ಭಯ ಇದ್ದದ್ದೇ, ನಾನೇ ಕಾಯುತ್ತೇನೆ, ನನ್ನ ತಡಿಕೆಯನ್ನೇ ಹೊದಿಸುತ್ತೇನೆ. ತಡವಾದರೆ ಮಾತ್ರ ಯಾರೂ ಏನೂ ಮಾಡಲಾಗದು, ಬಿಸಿಗಾಳಿ ಬಂದರೆ ಹೂವೆಲ್ಲ ಉದುರಿ ಹೋಗುತ್ತದೆ. ಆ ಪಟ್ಟಿ ನಿನಗೇ ಬರುವ ಹಾಗೆ ಮಾಡುತ್ತೇನೆ. ಬೈಯುವುದಿದ್ದರೆ ಬಂದು ಎದುರಿಗೆ ಬೈ.

ಅಣ್ಣ ಅತ್ತಿಗೆಗೆ ನನ್ನ ನಮಸ್ಕಾರ. ಕಿಷ್ಣಾನ ಎರಡೂ ಕೆನ್ನೆಗೆ, ಹೊಸ ಕೂಸಿನ ಅಂಗಾಲಿಗೆ ನನ್ನ ಮುತ್ತು. ಹೊಟ್ಟೆ ತುಂಬ ಉಂಡು ಕಣ್ಣು ತುಂಬ ನಿದ್ದೆ ಮಾಡು.

ನಿನ್ನ ಅಕ್ಕ,
ಧಾಪು

ತಾ.ಕ.: ಇವತ್ತು ಶೀತಳಾ ಅಷ್ಟಮಿ, ಹೋಳಿ ಕಳೆದು ಎಂಟು ದಿನ. ಒಲೆ ಹೊತ್ತಿಸುವಂತಿಲ್ಲ, ನಿನ್ನೆಯ ತಣ್ಣನೆ ಅಡುಗೆ ಉಂಡು ಊರಿನ ತಾಯಂದಿರೆಲ್ಲ ಮಕ್ಕಳನ್ನೆತ್ತಿಕೊಂಡು ದೇವಿಯ ಗುಡಿಗೆ ಹೋಗಿದ್ದಾರೆ. ಕೆಲಸವಿಲ್ಲದೆ ಕೂತಿದ್ದೇನೆ, ಅದಕ್ಕೇ ಬೇಗ ಬೇಗ ಈ ನಾಲ್ಕು ಸಾಲು. ಮೇಲಿನದನ್ನೆಲ್ಲ ಬರೆದ ಮರುದಿನವೇ ಅಂಚೆಡಬ್ಬಿಗೆ ಹಾಕಲು ಹೊರಟಿದ್ದೆ. ದಾರಿಯಲ್ಲಿ ನಿಮ್ಮೂರಿನ ಬಳೆಗಾರ್ತಿ ಸಿಕ್ಕಿ, ಮಗುವಿಗೆ ಹೆಸರಿಟ್ಟರು, ಪೇಮಾ ಅಂತ, ಅಂದಳು. “ದೊಡ್ಡ ಓರಗಿತ್ತಿಗೆ ಖುಷಿಯಾಗ್ಲಿ ಅಂತ ಸುಗನೀನೇ ಹಟ ಹಿಡಿದು ಇಡಿಸಿದ್ಲು” ಅಂದಳು. ಕಾಗದ ಮಡಚಿ ರವಿಕೆಯೊಳಗಿಟ್ಟು ಮನೆಗೆ ಬಂದೆ. ಮರುದಿನ ಮಾವನವರು “ಸಾಲು ಹೋಯ್ತು, ಬೇಗ ಬೀಜ ಕಳಿಸ್ಲಿ ಅಂತ ಚಿಕ್ಕೋಳಿಗೆ ಬರೆದ್ಯಾ?” ಅಂತ ಕೇಳಿದರು, ಮುಸುಕು ಆಡಿಸಿದೆ. ಈ ಸಲ ಅದು ನಿಜವೇ, ಬರೆದಿದ್ದೆನಲ್ಲ. ಎರಡು ತಿಂಗಳಿಂದ ನೀನು ಉತ್ತರ ಬರೆಯಲಿಲ್ಲ, ಬೀಜವನ್ನೂ ಕಳಿಸಲಿಲ್ಲ, ಚಿಕ್ಕವಳಿಗೆ ಹೊಲದ ಮೇಲೆ ಮನಸ್ಸೇ ಇಲ್ಲ ಅಂತ ಇಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದಾರೆ. ನನ್ನ ಬಳ್ಳಿಯಲ್ಲಿ ಒಂಬತ್ತು ಕಾಯಿ ತೂಗುತ್ತಿವೆ. ಅಕ್ಷಯ ತದಿಗೆಗೆ ಇನ್ನು ನಲವತ್ತು ದಿನ, ಸೋರೆಗೆ ಎಪ್ಪತ್ತು ಬೇಕು. ಆದ್ದರಿಂದ ಬೀಜ ಕಳಿಸುವ ತೊಂದರೆ ತೆಗೆದುಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಹೇಳೋಣ ಅಂತಲೇ ಇದ್ದೆ ಕಣೇ, ನಿನ್ನ ಮುಖ ನೆನೆಸಿಕೊಂಡು ಹೇಳಲಾಗಲಿಲ್ಲ ಅಷ್ಟೇ. ಈಗ ಹೋಗಿ ಡಬ್ಬಿಗೆ ಹಾಕಿ ಬರುತ್ತೇನೆ.