ಅಡುಗೆಮನೆಯಲ್ಲಿ ಕೊಟ್ಟ ಅಪ್ಪಣೆ

ಗುರುವಾರ, ಊಟವಾದ ಮೇಲೆ

ಇಲಾಖೆಯ ಯೋಜನಾಧಿಕಾರಿಗಳಿಗೆ, ಅಂದರೆ ನನ್ನ ಗಂಡನಿಗೆ,

ಹೀಗೆ ಕರೆದೆನೆಂದು ಮುಖ ಗಂಟಿಕ್ಕಬೇಡಿ, ಇದು ನಿಮ್ಮಿಂದಲೇ ಕಲಿತದ್ದು. ಮೊನ್ನೆ ವಿಚಾರಣಾ ಸಮಿತಿಯ ಮುಂದೆ ನೀವು ನನ್ನನ್ನು ಒಮ್ಮೆಯೂ ಹೆಂಡತಿ ಎನ್ನಲಿಲ್ಲ. ಶಿಪ್‌ಯಾರ್ಡಿನ ಡ್ರಾಯಿಂಗ್ ವಿಭಾಗದ ಮುಖ್ಯಸ್ಥೆ ಎಂದಿರಿ. ಹಿಂದೆ ಕೂತಿದ್ದ ನಮ್ಮ ಉಕ್ಕು ಕತ್ತರಿಸುವ ಮೇಸ್ತ್ರಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಅಮ್ಮ ಚೆನ್ನಾಗಿದ್ದಾರೆ. ನೀವು ಮನೆ ಬಿಟ್ಟು ಗೆಸ್ಟ್‌ಹೌಸ್ ಸೇರಿದ ಮೇಲೂ ನಿಮ್ಮ ತಾಯಿ ನನ್ನ ಜೊತೆಗೇ ಇದ್ದಾರೆ. ಕಿವಿ ಇನ್ನಷ್ಟು ಮಂದವಾಗಿದೆ. ಬೆಳಗ್ಗೆ ತಮ್ಮ ಒಳ್ಳೆಯ ಬಟ್ಟೆಗೆ ಇಸ್ತ್ರಿ ಹಾಕಿ, ಕಿತ್ತ ಚಪ್ಪಲಿಗೆ ಹೊಲಿಗೆ ಹಾಕಿಸಿಕೊಂಡು ಬಂದರು.

ಆ ಸಂಜೆ ನಿಮಗೆ ನೆನಪಿಲ್ಲವಂತೆ, ನೆನಪಿಸುತ್ತೇನೆ. ದ್ವೀಪದ ಜನರ ಓಡಾಟಕ್ಕೆಂದು ಕಟ್ಟುತ್ತಿದ್ದ ಸರ್ಕಾರಿ ಹಡಗಿಗೆ ಯಾವ ಎಂಜಿನ್ ಎಂದೇ ತೀರ್ಮಾನವಾಗಿರಲಿಲ್ಲ. ಎಂಜಿನ್ ಕೋಣೆಯ ಡ್ರಾಯಿಂಗಿಗೆ ನಿಮ್ಮ ಸಹಿ ಬೀಳದೆ ನಾವು ಉಕ್ಕು ಮುಟ್ಟುವಂತಿರಲಿಲ್ಲ. ಅಮ್ಮ ಅಡುಗೆಮನೆಯ ಮೇಜಿನ ಆ ತುದಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನೀವು ಕುರ್ಚಿ ಎಳೆದುಕೊಂಡು, ದನಿ ತಗ್ಗಿಸಿ, "ನಾಳೆಯಿಂದ ಕತ್ತರಿಸೋಕೆ ಹೇಳಿಬಿಡು. ನೀರಿಗಿಳಿಸೋ ದಿನ ಮಂತ್ರಿಗಳು ಹೇಳಿಬಿಟ್ಟಿದ್ದಾರೆ. ಸಹಿ ಆಮೇಲೆ ಹಾಕ್ತೀನಿ" ಎಂದಿರಿ. ಬೇರೆ ಅಳತೆಯ ಎಂಜಿನ್ ಬಂದರೆ ಏನು ಗತಿ ಎಂದೆ. "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವೇನೇ?" ಎಂದಿರಿ. ಬೇರೆ ಅಧಿಕಾರಿಯಾಗಿದ್ದರೆ ಬಾಗಿಲು ತೋರಿಸುತ್ತಿದ್ದೆ. ನಿಮಗೆ ಹೂಂ ಎಂದೆ.

ಹೇಳಿದ ದಿನಕ್ಕೆ ಹಡಗು ನೀರಿಗಿಳಿಯಿತು. ಬ್ಯಾಂಡು ಬಾರಿಸಿದರು, ಮಂತ್ರಿಗಳು ನಿಮ್ಮ ಬೆನ್ನು ತಟ್ಟಿದರು. ಒಳಗೆ ಎಂಜಿನ್ನೇ ಇರಲಿಲ್ಲ! ಅದು ಬಂದಾಗ ಕೋಣೆಗಿಂತ ಒಂದು ಮೊಳ ಉದ್ದ. ಬಣ್ಣ ಆರದ ಡೆಕ್ಕನ್ನು ಕಿತ್ತೆವು, ಹಡಗಿನ ಪಕ್ಕೆ ಕೊಯ್ದೆವು, ಪೈಪು ಕೇಬಲ್ಲುಗಳನ್ನೆಲ್ಲ ಎಳೆದು ಹಾಕಿದೆವು. ಖರ್ಚು ಒಂದಕ್ಕೆ ಮೂರಾಯಿತು. ದ್ವೀಪದವರು ಇಂದಿಗೂ ಆ ಹಳೆಯ ತೇಪೆ ದೋಣಿಯಲ್ಲೇ ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದಾರೆ. ಇದಕ್ಕೆ ಯಾರು ಹೊಣೆ ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿದೆ?

ಮನೆಯಲ್ಲಿ ಈ ಮಾತು ಬಂದಿತ್ತೇ ಎಂದು ಸಮಿತಿಯ ಅಧ್ಯಕ್ಷರು ಕೇಳಿದರು. ನೀವು ಕನ್ನಡಕ ಒರೆಸುತ್ತ, ಮನೆಯಲ್ಲಿ ನಾವು ಕೆಲಸದ ಮಾತೇ ಆಡುವುದಿಲ್ಲ, ಡ್ರಾಯಿಂಗ್ ವಿಭಾಗ ತಾನಾಗಿ ಆತುರಪಟ್ಟಿತು ಎಂದಿರಿ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಸಾಕ್ಷಿ ಯಾರು ಎಂದು ನನ್ನನ್ನು ಕೇಳಿದಾಗ, ಇನ್ನೂ ನಿಮ್ಮ ಸಹಿ ಬೀಳದ ಆ ಡ್ರಾಯಿಂಗನ್ನು ಮಡಚಿಕೊಂಡು ಕೂತುಬಿಟ್ಟೆ. ನನ್ನ ಕೆಲಸ ಹೋಗುವುದು ಹಾಗಿರಲಿ, ನನ್ನ ಮಾತು ಕೇಳಿದ ತಪ್ಪಿಗೆ ಮೇಸ್ತ್ರಿಯ ಕೆಲಸವೂ ಹೋಗುತ್ತದೆ.

ನೀವು ಹೆದರಿದಿರಿ, ಅದು ನನಗೆ ಅರ್ಥವಾಗುತ್ತದೆ. ಆದರೆ ನಾನಿಟ್ಟ ನಂಬಿಕೆಯನ್ನೇ ನನ್ನ ಕುತ್ತಿಗೆಗೆ ಕಟ್ಟಿ ನೀರಿಗೆ ತಳ್ಳಿದಿರಲ್ಲ, ಅದು ಅರ್ಥವಾಗುವುದಿಲ್ಲ. ನಾಳೆ ಕೊನೆಯ ವಿಚಾರಣೆ. ನೀವಾಗಿಯೇ ಎದ್ದು ನಿಂತು ನಿಜ ಹೇಳಲು ಇನ್ನೂ ಸಮಯವಿದೆ.

ಇತಿ,
ಡ್ರಾಯಿಂಗ್ ವಿಭಾಗದ ಮುಖ್ಯಸ್ಥೆ,
ಇನ್ನೂ ನಿಮ್ಮ ಹೆಂಡತಿ

ಮರೆತ ಮಾತು: ಅಮ್ಮ ಬಟ್ಟೆ ಗಿರಣಿಯಲ್ಲಿ ಮಗ್ಗದ ಮುಂದೆ ದುಡಿದು ನಿಮ್ಮನ್ನು ಓದಿಸಿದವರು. ಆ ಗದ್ದಲದಲ್ಲಿ ಏನೂ ಕೇಳಿಸದೆ ಅಲ್ಲಿನ ಹೆಂಗಸರೆಲ್ಲ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಅವರ ಮಗನಾಗಿ ನೀವು ಅದನ್ನು ಮರೆತು ಬರೀ ದನಿ ತಗ್ಗಿಸಿದಿರಿ. ನಿನ್ನೆ ಅವರೇ ಕೇಳಿದರು: "ಸಹಿ ಆಮೇಲೆ ಹಾಕ್ತೀನಿ ಅಂದಿದ್ನಲ್ಲ, ಹಾಕಿದ್ನೇನಮ್ಮ?" ಅಳುತ್ತ ಎಲ್ಲ ಹೇಳಿದೆ. ನಾಳೆಯ ಸಾಕ್ಷಿ ಅವರೇ. "ಅವನ ಎದುರಿಗೇ ನನ್ನ ಕುರ್ಚಿ ಹಾಕ್ಸು" ಎಂದಿದ್ದಾರೆ. ನಿಮ್ಮ ತುಟಿ ಕಾಣಬೇಕಂತೆ.